ಬರೆದ ಕಣ್ಣು

ಕಾವ್ಯಾ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ವಿಜಯಪುರದ ಮಾರುಕಟ್ಟೆಯಲ್ಲಿ ಅಪ್ಪ ಕಟ್ಟಿ ಬೆಳೆಸಿದ ಬೀಜ-ಗೊಬ್ಬರದ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಅರ್ಧ ಕಪ್ ಚಹಾ ಕುಡಿಯುವಷ್ಟರಲ್ಲಿ ಗೋದಾಮು ನೆನಪಾಗುತ್ತದೆ, ಗೋದಾಮಿಗೆ ಹೋದರೆ ಉಳಿದರ್ಧ ಚಹಾ ನೆನಪಾಗುತ್ತದೆ. ‘ಈಕಿ ಕಾಲಿಗೆ ಗಾಲಿ ಕಟಗೊಂಡ ಹುಟ್ಟ್ಯಾಳ’ ಎಂದು ಅವ್ವ ವಿಜಯಲಕ್ಷ್ಮೀ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಅಂಥವಳಿಗೆ ಚಡಪಡಿಕೆ ಅಂದರೆ ಏನೆಂದು ನಿಜವಾಗಿ ಗೊತ್ತಾದದ್ದು ಮಾತ್ರ ಅಜ್ಜನ ಫೋಟೋ ಕೈಗೆ ಬಂದ ಮೇಲೆ.

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಅವರ ಮನೆ ಮುಗಿಯುತ್ತ ಬಂದಿತ್ತು, ಬಣ್ಣದ ಕೆಲಸವೊಂದು ಬಾಕಿ. ಅಪ್ಪ ಸಂಗನಬಸವ ಮನೆಯ ವಿಷಯದಲ್ಲಿ ಯಾವುದಕ್ಕೂ ಬಾಯಿ ಹಾಕಿರಲಿಲ್ಲ. ಟೈಲ್ಸು ಯಾವುದು ಅಂದರೆ ‘ನೀವ ನೋಡ್ರಿ’, ಅಡುಗೆಮನೆ ಎಲ್ಲಿ ಅಂದರೆ ‘ನಿಮ್ಮವ್ವನ ಕೇಳು’. ಅರವತ್ತೈದು ದಾಟಿದ ಆ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಒಂದನ್ನೇ.

“ನಮ್ಮಪ್ಪನ ಫೋಟೋ ದೊಡ್ಡದ ಮಾಡಸಬೇಕು ನೋಡಬೇ. ಈ ಗ್ವಾಡಿಗಿರೂ ಅರ್ಧಾದ್ದಲ್ಲ, ಪೂರಾದ್ದು. ಟಿಕೋಟಾದಾಗ ಕಾಳಕ್ಕನ ಹಂತೇಲಿ ಐತಿ ಅದು. ಅದರಾಗ ನಾನೂ ಅದೀನಿ.”

ಗೋಡೆಯ ಮೇಲಿದ್ದ ಅರ್ಧ ಫೋಟೋ ಕಾವ್ಯಾಳಿಗೆ ಹುಟ್ಟಿದಾಗಿನಿಂದ ಗೊತ್ತು. ರುಮಾಲು ಸುತ್ತಿದ ತಲೆ, ಹಣೆ ತುಂಬ ವಿಭೂತಿ, ಕ್ಯಾಲೆಂಡರಿನ ದೇವರಿಗಿರುವಂಥ ದೊಡ್ಡ ಕಣ್ಣು. ಕೆಲವು ಫೋಟೋಗಳು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತವೆ ಎನ್ನುತ್ತಾರಲ್ಲ, ಇದು ಅದಕ್ಕೆ ತದ್ವಿರುದ್ಧ. ಎಲ್ಲಿ ನಿಂತರೂ ಅಜ್ಜ ನಮ್ಮನ್ನು ನೋಡುತ್ತಿರಲಿಲ್ಲ. ಸಣ್ಣವಳಿದ್ದಾಗ ಆ ಕಣ್ಣಿಗೆ ಹೆದರಿ ಕಾವ್ಯಾ ಆ ಕೋಣೆಯನ್ನು ಓಡಿಕೊಂಡೇ ದಾಟುತ್ತಿದ್ದಳು. ಅದನ್ನು ಅಪ್ಪನಿಗೆ ಇದುವರೆಗೂ ಹೇಳಿಲ್ಲ.

ಹೇಳುವುದಾದರೂ ಹೇಗೆ? ಅಪ್ಪನಿಗೆ ತನ್ನ ಅಪ್ಪ ಅಂದರೆ ಆ ಫೋಟೋ ತೆಗೆದ ಗಳಿಗೆಯೊಂದೇ. ಮುರಿಗೆಪ್ಪಜ್ಜ ಜ್ವರ ಬಂದು ತೀರಿಕೊಂಡಾಗ ಸಂಗನಬಸವ ಐದು ವರ್ಷದ ಕೂಸು. ಆಮೇಲೆ ತಾಯಿ ಅವನನ್ನು ಕಟ್ಟಿಕೊಂಡು ವಿಜಯಪುರದ ಅಣ್ಣನ ಮನೆಗೆ ಬಂದಳು, ಅಲ್ಲಿಗೆ ಹುಟ್ಟೂರು ಟಿಕೋಟಾ ಮುಗಿಯಿತು. “ಫೋಟೋ ತಗಿಯೂ ಮುಂದ ನನ್ನ ಬಾಜೂಕ ಕುಂಡ್ರಿಸಿಕೊಂಡಿದ್ದ ನಮ್ಮಪ್ಪ. ಹಿಂಗ ಹೆಗಲ ಮ್ಯಾಲ ಕೈ ಇಟ್ಟಿದ್ದ,” ಎಂದು ಹೇಳುವಾಗಲೆಲ್ಲ ಅವರ ಬಲಗೈ ತಾನಾಗಿ ಎಡಹೆಗಲಿಗೆ ಹೋಗುತ್ತಿತ್ತು. ಹಬ್ಬಕ್ಕೊಮ್ಮೆ, ಅಮಾವಾಸ್ಯೆಗೊಮ್ಮೆ ಮನೆಯವರೆಲ್ಲ ಈ ಮಾತು ಕೇಳಿದ್ದಾರೆ. ಅಪ್ಪ ವ್ಯಾಪಾರದಲ್ಲಿ ಬಲು ಬಿಗಿ ಮನುಷ್ಯ, ನಗು ಅಳು ಎರಡರಲ್ಲೂ ಜಿಪುಣ. ಈ ಮಾತು ಹೇಳುವಾಗ ಮಾತ್ರ ಅವರ ಮುಖ ಸಣ್ಣ ಹುಡುಗನದಾಗುತ್ತಿತ್ತು.

ಟಿಕೋಟಾಕ್ಕೆ ಹೋಗುವ ಮೊದಲು ಗೋಡೆಯ ಫೋಟೋವನ್ನಾದರೂ ಸ್ಕ್ಯಾನ್ ಮಾಡಿಸಿಡೋಣ ಎಂದು ಕಾವ್ಯಾ ಅದನ್ನು ಸುರೈಯಾಳ ಸ್ಟುಡಿಯೋಕ್ಕೆ ಒಯ್ದಳು. ಸುರೈಯಾ ಕಾಲೇಜಿನ ಗೆಳತಿ, ಮದುವೆ ಆಲ್ಬಮ್ಮುಗಳಲ್ಲಿ ಮುಳುಗಿರುವವಳು, ಮಾತಿಗೆ ನಿಂತರೆ ಬಿಡುವವಳಲ್ಲ. ಕಂಪ್ಯೂಟರಿನಲ್ಲಿ ಅಜ್ಜನ ಮುಖವನ್ನು ದೊಡ್ಡದು ಮಾಡುತ್ತ ಮಾಡುತ್ತ ಅವಳ ಮಾತು ನಿಂತಿತು.

“ಲೇ ಕಾವ್ಯಾ, ಈ ಕಣ್ಣ ಕ್ಯಾಮೆರಾದಾಗ ಬಂದಾವಲ್ಲ. ಬ್ರಷ್‌ಲೇ ಬರದಾರ.”

“ಹಳೇ ಕಾಲದಾಗ ಟಚ್ ಮಾಡ್ತಿದ್ರಲ್ಲ. ಅದರಾಗ ಏನೈತಿ?”

“ಟಚ್ ಬ್ಯಾರೆ, ಇದು ಬ್ಯಾರೆ. ಇಲ್ಲಿ ಬಣ್ಣದ ಕೆಳಗ ತೆರದ ಕಣ್ಣ ಇರ್ಲೇ ಇಲ್ಲ.” ಸುರೈಯಾ ಚಿತ್ರವನ್ನು ಮೇಲಕ್ಕೆ ಸರಿಸಿದಳು. ಪರದೆಯ ಮೇಲೆ ಕತ್ತಿನ ಹತ್ತಿರ ಬಟ್ಟೆಯ ಪಟ್ಟಿಯೊಂದು ಹಿಂದಕ್ಕೆ ಹೋಗಿತ್ತು. ಅದರ ಮೇಲೂ ಬಣ್ಣ ಬಳಿದಿದ್ದರು, ಆದರೆ ಪೂರ್ತಿ ಮುಚ್ಚಿರಲಿಲ್ಲ. “ನಿಮ್ಮ ಅತ್ತಿ ಕಡೆ ಒರಿಜಿನಲ್ ಐತಿ ಅಂದಿಲ್ಲ? ಅದನ್ನ ತಗೊಂಬಾ. ಅಲ್ಲೀತನಕ ಇದನ್ನ ಮಾಡೂದ ಬ್ಯಾಡ.”

ಕಾವ್ಯಾಳಿಗೆ ತಿಳಿಯಲಿಲ್ಲವೆಂದಲ್ಲ. ತಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಒರಗಿಸಿ, ತಲೆ ವಾಲಬಾರದೆಂದು ಬಟ್ಟೆಯಿಂದ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಓಣಿಯಲ್ಲಿ ಎಷ್ಟು ಸಲ ನೋಡಿಲ್ಲ ಅವಳು. ಈಗಲೂ ಮನೆಯ ಮಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳುತ್ತಾನೆ. ಅಜ್ಜನ ಕಾಲದಲ್ಲಿ ಫೋಟೋದವನನ್ನು ಕರೆಸುತ್ತಿದ್ದದ್ದೂ ಹೆಚ್ಚಾಗಿ ಅಂಥ ಹೊತ್ತಿಗೇ. ಇದೆಲ್ಲ ಗೊತ್ತಿದ್ದೂ, ಗೊತ್ತಿದ್ದದ್ದನ್ನು ಮನಸ್ಸಿನಲ್ಲಿ ನಿಲ್ಲಗೊಡದೆ, ಅವಳು ಮರುದಿನ ಬೆಳಿಗ್ಗೆ ಸ್ಕೂಟಿ ಏರಿದಳು. ಅವ್ವ ರೊಟ್ಟಿ ತಿಂದು ಹೋಗು ಎಂದು ಬಾಗಿಲವರೆಗೆ ಬಂದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಟಿಕೋಟಾದಲ್ಲಿ ಅದು ದ್ರಾಕ್ಷಿ ಒಣಗಿಸುವ ದಿನಗಳು. ಅಪ್ಪ ಕಾಳಕ್ಕ ಎನ್ನುವ ಕಾಳವ್ವ ಪಡಸಾಲೆಯಲ್ಲಿ ಒಣದ್ರಾಕ್ಷಿಯ, ಅಂದರೆ ಮಣೂಕದ, ರಾಶಿ ಹರವಿಕೊಂಡು ಕಡ್ಡಿ ಆರಿಸುತ್ತಿದ್ದಳು. ಸಂಗನಬಸವನಿಗೆ ಇವಳೊಬ್ಬಳೇ ಅಕ್ಕ. ತಂದೆ ತೀರಿಕೊಂಡ ಕಾಲಕ್ಕೇ ಊರಲ್ಲೇ ಮದುವೆ ಗೊತ್ತಾಗಿದ್ದರಿಂದ ತಂದೆಯ ಈ ಮನೆಯಲ್ಲೇ ಉಳಿದವಳು. ಸೊಸೆಯಂದಿರು ಎಷ್ಟು ಬೇಡವೆಂದರೂ ಕೈ ಸುಮ್ಮನಿರುವುದಿಲ್ಲ. ಕಾವ್ಯಾ ಫೋಟೋ ಎಂದ ಕೂಡಲೇ ಮಾತ್ರ ಆ ಕೈ ನಿಂತಿತು.

“ಯಾಕ ಬೇಕಾತದು?”

“ಅಪ್ಪಗ ಬೇಕಂತರಿ. ಹೊಸ ಮನ್ಯಾಗ ಹಾಕಾಕ.”

ಕಾಳವ್ವ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಸದ್ದು ಮಾಡಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ರಟ್ಟಿನ ಫೋಟೋವನ್ನು ತಂದು ಕಾವ್ಯಾಳ ತೊಡೆಯ ಮೇಲಿಟ್ಟು, ತಾನು ಬಿಚ್ಚಲಾರೆ ಎನ್ನುವಂತೆ ದೂರ ಕೂತಳು.

ಕಾವ್ಯಾ ಬಿಚ್ಚಿದಳು. ಫೋಟೋದಲ್ಲೂ ಇದೇ ಪಡಸಾಲೆ, ಇದೇ ಕಂಬ. ಗೋಡೆಗೆ ಒರಗಿ ಕೂತಿದ್ದಾರೆ ಅಜ್ಜ, ಎದೆಯ ತುಂಬ ಹೂವು, ಕಣ್ಣು ಮುಚ್ಚಿವೆ. ಪಕ್ಕದಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡ ಅಜ್ಜಿ. ಸುತ್ತಲಿದ್ದವರೆಲ್ಲ ಅತ್ತೋ ಅಲುಗಿಯೋ ಮಸುಕಾಗಿದ್ದರು. ಅಲುಗದೆ ಇದ್ದವರು ಅಜ್ಜ ಒಬ್ಬರೇ, ಹಾಗಾಗಿ ಅಚ್ಚುಕಟ್ಟಾಗಿ ಮೂಡಿದವರೂ ಅವರೇ. ಅವರ ಮಗ್ಗುಲಿಗೆ ಒತ್ತಿ ಕೂತ ಸಣ್ಣ ಹುಡುಗ, ಅಷ್ಟು ಜನರಲ್ಲಿ ಅವನೊಬ್ಬ ನೇರ ಕ್ಯಾಮೆರಾ ನೋಡುತ್ತಿದ್ದಾನೆ. ಅವನ ಎಡಹೆಗಲ ಮೇಲೆ ಅಜ್ಜನ ಕೈ. ಆ ಕೈಯ ಮಣಿಕಟ್ಟನ್ನು ಹಿಂದಿನಿಂದ ಇನ್ಯಾರದೋ ಸಣ್ಣ ಬೆರಳುಗಳು ಹಿಡಿದಿದ್ದವು.

ಕಾವ್ಯಾ ಫೋಟೋವನ್ನು ಕಣ್ಣಿನ ಹತ್ತಿರ ತಂದು ಆ ಬೆರಳುಗಳನ್ನು ನೋಡಿದಳು.

“ಆ ಬೆರಳ ನನ್ನವ,” ಎಂದಳು ಕಾಳವ್ವ. “ಫೋಟೋದಾಂವ ‘ಗಂಡ ಹುಡುಗ ಒಬ್ಬನ ಅದಾನ, ಅಪ್ಪನ ಕೈ ಮ್ಯಾಲ ಇಡ್ರಿ, ಚಂದ ಬರತೈತಿ’ ಅಂದ. ಇಟ್ರು. ಜಾರತಿತ್ತು. ಮತ್ತ ಇಟ್ರು, ಮತ್ತ ಜಾರಿತು. ಕಡೀಗೆ ‘ನೀ ಹಿಂದ ಕುಂತ ಹಿಡಕೊಬೇ’ ಅಂತ ನನಗ ಹೇಳಿದ್ರು. ಹಿಡಕೊಂಡ ಕುಂತೆ. ಅಳಬೇಕೋ, ಕೈ ಹಿಡೀಬೇಕೋ?”

“ಅಪ್ಪಗ ಗೊತ್ತೈತೇನ್ರಿ ಅತ್ತಿ?”

“ಏನ ಗೊತ್ತಿರತೈತಿ, ಐದ ವರ್ಷದ ಕೂಸಿಗೆ? ‘ಅಪ್ಪ ನಿದ್ದಿ ಮಾಡಾಕತ್ತಾನ, ಗದ್ಲ ಮಾಡಬ್ಯಾಡ’ ಅಂದಿದ್ವಿ. ಆಮ್ಯಾಲ ನಮ್ಮ ಸೋದರಮಾವ ಇದರಾಗಿಂದ ಬರೇ ಮಾರಿ ತಗಸಿ, ಕಣ್ಣ ಬರಸಿ, ಗಾಜಿನ ಕಟ್ಟ ಹಾಕಿಸಿಕೊಟ್ಟ. ಅದನ್ನ ನೋಡಕೋತ ಬೆಳದಾನ ಸಂಗ್ಯಾ. ಅವ್ವ ಸಾಯೂಮಟಾ ಹೇಳಲಿಲ್ಲ, ನಾ ಹೇಳಲಿಲ್ಲ. ನೀನೂ ಹೇಳಬ್ಯಾಡ. ಅವಗಿರೂದ ಅದೊಂದು ನೆಪ್ಪು. ಅದು ಹೆಣದ ಕೈ ಅಂತ ಈ ವಯಸ್ಸಿನ್ಯಾಗ ತಿಳದ್ರ ಏನಾಗಬ್ಯಾಡ ಅವಗ?”

ಕಾವ್ಯಾ ಎದ್ದಳು, ಕೂತಳು, ಮತ್ತೆ ಎದ್ದಳು. ಅಪ್ಪ ಸುಮ್ಮನೆ ಫೋಟೋ ತಾ ಎಂದಿರಲಿಲ್ಲ, ಇದನ್ನೇ ತಾ ಎಂದಿದ್ದರು. ಸಿಗಲಿಲ್ಲ ಎಂದರೆ ತಾವೇ ಟಿಕೋಟಾದ ಬಸ್ಸು ಹತ್ತುವ ಮನುಷ್ಯ. ಕೊಟ್ಟರೆ ಆ ಮುಚ್ಚಿದ ಕಣ್ಣು ಮೊದಲು ಕಾಣುತ್ತದೆ, ಆ ಹಿಡಿದ ಬೆರಳು ಆಮೇಲೆ. ಅರವತ್ತು ವರ್ಷ ಹೆಗಲ ಮೇಲೆ ಇಟ್ಟುಕೊಂಡು ಬಂದ ಕೈಯನ್ನು ಮಗಳೇ ತೆಗೆದು ಕೆಳಗಿಟ್ಟಂತೆ. ಸತ್ತವನ ಕೈಯನ್ನು ಕೂಸಿನ ಮೇಲಿಡು ಎಂದ ಆ ಫೋಟೋದವನ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು. ಅವನು ಸತ್ತು ಯಾವ ಕಾಲವಾಗಿತ್ತೋ, ಸಿಟ್ಟು ತೀರಿಸಿಕೊಳ್ಳಲಿಕ್ಕೂ ಯಾರೂ ಸಿಗುವಂತಿರಲಿಲ್ಲ.

“ಜೀವ ಇದ್ದಾಗಿಂದು ಒಂದೂ ಇಲ್ಲೇನ್ರಿ ಅತ್ತಿ? ಒಂದ?”

ಕಾಳವ್ವ ಮಣೂಕದಲ್ಲಿ ಕೈಯಾಡಿಸಿದಳು. “ಬಬಲೇಶ್ವರದ ಈರಯ್ಯನಾರ ಕಡೆ ಒಂದ ಇತ್ತು. ಇಬ್ರೂ ದೋಸ್ತಗೋಳು. ವಿಜಾಪುರ ಸಂತಿಗೆ ಹೋಗಿ ಫೋಟೋ ತಗಿಸಿಕೊಂಡ ಬಂದು, ‘ದುಡ್ಡ ಹೆಚ್ಚಾಗ್ಯಾವೇನು’ ಅಂತ ಅವ್ವನ ಕಡೆ ಬೈಸಿಕೊಂಡಿದ್ದ ಅಪ್ಪ. ಈರಯ್ಯನಾರು ಇನ್ನೂ ಅದಾರ. ಫೋಟೋ ಐತೋ ಇಲ್ಲೋ, ನನಗ ತಿಳೀದು.”

ಇಷ್ಟು ಸಾಕಾಯಿತು. ಅಪ್ಪ ಬಸ್ಸು ಹತ್ತಿ ಬಂದರೂ ಇಲ್ಲಿ ಸಿಗಬಾರದೆಂದು ದೊಡ್ಡ ಫೋಟೋವನ್ನು ಸೀರೆಯ ತುಂಡಿನ ಸಮೇತ ಸ್ಕೂಟಿಯ ಡಿಕ್ಕಿಗೆ ಹಾಕಿ ಕಾವ್ಯಾ ಒಳದಾರಿ ಹಿಡಿದಳು. ಬಿಸಿಲು ನೆತ್ತಿ ಸುಡುತ್ತಿತ್ತು, ದಾರಿಯ ತುಂಬ ದ್ರಾಕ್ಷಿ ಹೇರಿದ ಟ್ರ್ಯಾಕ್ಟರುಗಳು. ಅರ್ಧ ದಾರಿಯಲ್ಲಿ ಅಪ್ಪನ ಫೋನು ಬಂತು.

“ಸಿಕ್ತೇನಬೇ?”

“ಅತ್ತಿ ಹುಡಕಾಕತ್ತಾಳ್ರಿ,” ಎಂದು ಸುಳ್ಳು ಹೇಳಿದಳು.

“ಟ್ರಂಕಿನ್ಯಾಗ ನೋಡ ಅನ್ನು. ಹಸರ ಟ್ರಂಕು.”

ಟ್ರಂಕು ಹಸಿರೇ ಇತ್ತು. ಇವರಿಗೆ ಹೇಗೆ ಗೊತ್ತು ಎಂದು ಒಂದು ಕ್ಷಣ ಅನ್ನಿಸಿದರೂ, ಅಕ್ಕನ ಮನೆಯ ಟ್ರಂಕು ತಮ್ಮನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು ಎಂದುಕೊಂಡು ಗಾಡಿ ಬಿಟ್ಟಳು.

ಬಬಲೇಶ್ವರದಲ್ಲಿ ಈರಯ್ಯನವರ ಮನೆಯನ್ನು ತೋರಿಸದವರಿಲ್ಲ. ತುಂಬ ವಯಸ್ಸಾದ ಈರಯ್ಯ ಕಟ್ಟೆಯ ಮೇಲೆ ಹೊರಸು ಹಾಕಿಸಿಕೊಂಡು, ಹೋಗುವವರನ್ನೆಲ್ಲ ತಡೆದು ವಿಚಾರಿಸುತ್ತ ಮಲಗಿದ್ದರು. ಕಿವಿ ದೂರ. ಕಾಲು ಮುಟ್ಟಿದ ಕಾವ್ಯಾ ತಾನು ಯಾರೆಂದು ಕೂಗಿ ಹೇಳಬೇಕಾಯಿತು. ಮುರಿಗೆಪ್ಪ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಮುದುಕರು ಎದ್ದೇ ಕೂತರು.

“ಮುರಿಗ್ಯಾನ ಮೊಮ್ಮಗಳಾ? ಏ, ಒಳಗಿಂದ ಕಟ್ಟ ತರ್ರಿ! ಆ ದೊಡ್ಡ ಕಟ್ಟ!”

ಒಂದೇ ಗಾಜಿನ ಹಿಂದೆ ಮನೆತನದ ಫೋಟೋಗಳನ್ನೆಲ್ಲ ತುರುಕಿದ ಚೌಕಟ್ಟು ಹೊರಗೆ ಬಂತು. ಮದುವೆಯವರು, ಮಠದ ಸ್ವಾಮಿಗಳು, ಪಾಸ್‌ಪೋರ್ಟ್ ಅಳತೆಯ ಮೊಮ್ಮಕ್ಕಳು, ಎಲ್ಲರ ನಡುವೆ ಮೂಲೆಯಲ್ಲಿ ಹರೆಯದ ಇಬ್ಬರು ಹುಡುಗರು. ಗೋಳಗುಮ್ಮಟದ ಊರಲ್ಲಿ ನಿಂತು ತಾಜಮಹಲಿನ ಪರದೆಯ ಮುಂದೆ ಫೋಟೋ ತೆಗೆಸಿಕೊಂಡ ಭೂಪರು! ಒಬ್ಬ ಸ್ಟುಡಿಯೋದವರ ಕರಿ ಕನ್ನಡಕ ಹಾಕಿಕೊಂಡು ದೊಡ್ಡ ಸಾಹುಕಾರನ ಗತ್ತಿನಲ್ಲಿ ಬಿಗಿದುಕೊಂಡಿದ್ದ. ಇನ್ನೊಬ್ಬನಿಗೆ ಅದನ್ನು ನೋಡಿ ನಗು ತಡೆಯಲಾಗಿಲ್ಲ. ಹಲ್ಲೆಲ್ಲ ಕಾಣುವ ನಗು, ನಗುವಿನಲ್ಲಿ ಅರ್ಧ ಮುಚ್ಚಿಹೋದ ಸಣ್ಣ ಕಣ್ಣು. ದೇವರ ಕಣ್ಣಲ್ಲ, ತುಂಟನ ಕಣ್ಣು.

“ಕನ್ನಡಕದಾಂವ ನಾನು. ಹಲ್ಲ ಕಿಸದಾಂವ ನಿಮ್ಮಜ್ಜ,” ಎಂದರು ಈರಯ್ಯ. “‘ಅಲಗ್ಯಾಡಬ್ಯಾಡ್ರಿ’ ಅಂತ ಫೋಟೋದಾಂವ ಬಡಕೊಂಡ್ರೂ ಕೇಳಲಿಲ್ಲ. ನೋಡಲ್ಲಿ, ಕೈ ಮಸಕಾಗೇತಿ. ಅಂವ ಸುಮ್ನ ಕುಂತದ್ದ ನಾ ಒಮ್ಮಿಯೂ ನೋಡಲಿಲ್ಲವ್ವಾ. ಒಂದ ಸಲ ಕುಂತಾಗ...” ಅಷ್ಟಕ್ಕೆ ನಿಲ್ಲಿಸಿ ಮುದುಕರು ಧೋತರದ ತುದಿಯಿಂದ ಮೂಗು ಒರೆಸಿಕೊಂಡರು. “ಒಯ್ಯಿ. ನಾ ಹೋದಮ್ಯಾಲ ಈ ಹುಡುಗೂರು ಇಂವ ಯಾಂವಂತ ಒಗದ ಬಿಡತಾವ.”

ಚೌಕಟ್ಟಿನಿಂದ ಬಿಡಿಸಿಕೊಟ್ಟ ಆ ಫೋಟೋವನ್ನು ಕಾವ್ಯಾಳಿಗೆ ನೋಡಿದಷ್ಟೂ ಸಾಲದು. ಮೊದಲ ಬಾರಿಗೆ ಅಜ್ಜ ಎಂದರೆ ಪ್ರೀತಿ ಉಕ್ಕಿತು, ಉಕ್ಕಿದ ಹಿಂದೆಯೇ ಅಳುವೂ ಬಂತು. ಇಷ್ಟು ವರ್ಷ ತಾನು ಹೆದರಿ ಓಡಿದ್ದು ಯಾರೋ ಕುಂಚದವನ ಕಣ್ಣಿಗೆ.

ದಾರಿಯಲ್ಲಿ ಸಾರವಾಡ ದಾಟುವಾಗ ನೀರು ಕುಡಿಯಲು ನಿಂತು ಎರಡೂ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಸುರೈಯಾಳಿಗೆ ಕಳಿಸಿದಳು. ಅವಳು ತಕ್ಷಣ ಫೋನು ಮಾಡಿದಳು. “ಒಂದ ಕೆಲಸ ಮಾಡ್ಲೇನು? ಆ ನಗೂ ಮಾರಿ ತಗದು ದೊಡ್ಡ ಫೋಟೋದಾಗ ಕುಂಡ್ರಸತೇನಿ. ಹೂವು ಅಳಸತೇನಿ. ಹಿಂದಿನ ಬೆರಳೂ ತಗೀತೇನಿ. ನಿಮ್ಮಪ್ಪ ನಗೂ ಅಪ್ಪನ ಬಾಜೂಕ ಕುಂತಂಗ ಆಕ್ಕೈತಿ. ಯಾರಿಗೂ ತಿಳಿಯೂದಿಲ್ಲ.”

ಕಾವ್ಯಾಳ ಜೀವಕ್ಕೆ ಒಂದು ಗಳಿಗೆ ಹಾಯೆನಿಸಿತು. ಮಾಡು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಕಾಳತ್ತೆಯ ಬೆರಳು ಅಳಿಸುವುದೆಂದರೆ? ಸತ್ತ ತಂದೆಯ ಕೈಯನ್ನು ಅಳು ನುಂಗಿಕೊಂಡು ಎತ್ತಿ ಹಿಡಿದ ಹುಡುಗಿ ಅವಳು. ಮೊದಲೊಬ್ಬ ಕಣ್ಣು ಬರೆದ, ಈಗ ನಾನು ನಗು ಬರೆಸಬೇಕೇ?

“ಬ್ಯಾಡಲೇ,” ಎಂದಳು. “ನಾ ಸಣ್ಣದನ್ನಷ್ಟ ಕೊಡತೇನಿ. ದೊಡ್ಡದು ಸಿಗಲಿಲ್ಲ ಅಂತೇನಿ.”

ಅಥಣಿ ರಸ್ತೆಯ ಮನೆಗೆ ಬಂದಾಗ ಇಳಿಹೊತ್ತು. ಒಳಗೆ ಬಣ್ಣದವರು ಹಾಲ್‌ನ ಗೋಡೆಗೆ ಕೊನೆಯ ಕೈ ಬಳಿಯುತ್ತಿದ್ದರು. ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಹಾದಿ ಕಾಯುತ್ತ ಕೂತಿದ್ದರು. ಸ್ಕೂಟಿ ನಿಲ್ಲಿಸುವ ಮೊದಲೇ ಕೈ ಚಾಚಿದರು. ಡಿಕ್ಕಿಯ ಮೇಲೆ ಬ್ಯಾಗು ಇಟ್ಟು ಮುಚ್ಚಿ, ಕಾವ್ಯಾ ಸಣ್ಣ ಫೋಟೋವನ್ನು ಆ ಕೈಗಿಟ್ಟಳು.

“ದೊಡ್ಡದು ಸಿಗಲಿಲ್ರಿ. ಆದ್ರ ಅದಕ್ಕಿಂತ ಚಲೋದು ಸಿಕ್ಕೈತಿ. ಬಬಲೇಶ್ವರಕ್ಕ ಹೋಗಿದ್ದೆ.”

ಅಪ್ಪ ಚಾಳೀಸು ಏರಿಸಿ ನೋಡಿದರು. “ಇವ್ರು ಈರಯ್ಯಜ್ಜಾರು. ಕನ್ನಡಕ ಹಾಕ್ಯಾರ ನೋಡು ಸಾಹುಕಾರರಂಗ,” ಎಂದು ನಕ್ಕರು. ಆಮೇಲೆ ಪಕ್ಕದವನ ಮೇಲೆ ಬೆರಳಿಟ್ಟು ಕೇಳಿದರು, “ಈ ಹುಡುಗ ಯಾಂವ?”

ಇದೊಂದನ್ನು ಅವಳು ಎಣಿಸಿರಲಿಲ್ಲ.

“ನಿಮ್ಮಪ್ಪರೀ.”

“ಹೌದಾ?” ಎಂದರು. ಪರಿಚಯವಿಲ್ಲದವರ ಮದುವೆಯ ಫೋಟೋ ನೋಡುವಾಗಿನ ಮರ್ಯಾದೆಯಿಂದ ನೋಡಿದರು. ಬೆಳಕಿಗೆ ಹಿಡಿದರು, ದೂರ ಹಿಡಿದರು, ಹತ್ತಿರ ತಂದರು. ಮುಖದಲ್ಲಿ ಏನೂ ಮೂಡಲಿಲ್ಲ. ಅವಳಿಗೆ ಅಲ್ಲಿಂದ ಓಡಬೇಕೆನಿಸಿತು. ಇದ್ದ ಅಪ್ಪನನ್ನು ಬಚ್ಚಿಟ್ಟು ಅಪರಿಚಿತನೊಬ್ಬನನ್ನು ತಂದುಕೊಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಗ ಸಂಗನಬಸವ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಮೆಲ್ಲಗೆ ಅದನ್ನು ಫೋಟೋದ ಮೇಲೆ, ನಗುವ ಹುಡುಗನ ಎರಡೂ ಕಣ್ಣಿನ ಮೇಲೆ ಅಡ್ಡ ಇಟ್ಟರು. ಕಣ್ಣು ಮುಚ್ಚಿದಂತಾದ ಆ ಮುಖವನ್ನು ನೋಡಿದರು.

“ಹೂಂ,” ಎಂದರು. “ಹೌದು. ನಮ್ಮಪ್ಪ.”

ಒಳಗೆ ಬಣ್ಣದವರ ಏಣಿ ಎಳೆದಾಡುವ ಸದ್ದು ಕೇಳುತ್ತಿತ್ತು.

“ಅಪ್ಪಾ... ನಿಮಗ ಗೊತ್ತಿತ್ತೇನ್ರಿ?”

“ಕೈ ಥಣ್ಣಗಿತ್ತಬೇ,” ಎಂದರು ಅಪ್ಪ, ಫೋಟೋದಿಂದ ಮುಖ ಎತ್ತದೆ. “ಅವತ್ತ ಗೊತ್ತಾಗಲಿಲ್ಲ. ಮುಂದ ನಮ್ಮ ಸೋದರಮಾವ ಸತ್ತಾಗ ಕುಂಡ್ರಿಸಿ ಕೈ ಹಿಡದೆ ನೋಡು, ಅವತ್ತ ಗೊತ್ತಾತು. ಅಕ್ಕಗ, ಅವ್ವಗ ನಾ ಏನೂ ಅನ್ನಲಿಲ್ಲ. ನನಗ ತಿಳೀದಂಗ ಇಟಗೊಂಡ ಬಂದಿದ್ರು, ಪಾಪ.”

“ಮತ್ತ ನಮಗ ಹಂಗ ಹೇಳತಿದ್ರಿ? ಹೆಗಲ ಮ್ಯಾಲ ಕೈ ಇಟ್ಟಿದ್ದ ಅಂತ?”

“ಇಟ್ಟಿದ್ದನಲ್ಲ?” ಅಪ್ಪ ಈಗ ಮುಖ ಎತ್ತಿದರು. ಕಣ್ಣು ತುಂಬಿದ್ದವು, ಆದರೆ ಮಾತು ಗಟ್ಟಿಯಿತ್ತು. “ಬ್ಯಾರೆ ಎಲ್ಲಿ ಇಟ್ಟಾನ ನನಗ? ಅದೊಂದ ಸಲ ಇಟ್ಟಾನ. ಗ್ವಾಡಿಗೆ ಹಾಕೂದು ಅಂತ ನಿಮಗ ಹೇಳಿದೆ. ನನಗ ಆ ಕೈ ನೋಡಬೇಕಾಗಿತ್ತು.”

ಕಾವ್ಯಾ ಹೋಗಿ ಡಿಕ್ಕಿ ತೆಗೆದಳು. ಸೀರೆಯ ತುಂಡು ಬಿಚ್ಚಿ ರಟ್ಟನ್ನು ಅವರ ಮೊಣಕಾಲ ಮೇಲಿಟ್ಟಳು. ಅವರು ಅದರಲ್ಲಿ ಮುಚ್ಚಿದ ಕಣ್ಣುಗಳನ್ನು ನೋಡಲಿಲ್ಲ, ಕೈಯನ್ನೂ ಬಹಳ ಹೊತ್ತು ನೋಡಲಿಲ್ಲ. ಹಿಂದಿನ ಸಣ್ಣ ಬೆರಳುಗಳನ್ನೇ ನೋಡಿ, “ಕಾಳಕ್ಕ,” ಎಂದರು. ಅದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಅಲ್ಲಿ ಗಟ್ಟಿ ಮಾತು ಮುರಿಯಿತು, ಕಾವ್ಯಾ ಪಕ್ಕದಲ್ಲಿ ಕೂತು ಅವರನ್ನು ಅಳಗೊಟ್ಟಳು.

ಕತ್ತಲಾಗುವ ಹೊತ್ತಿಗೆ ಅವರು ಮತ್ತೆ ಬಬಲೇಶ್ವರದ ಫೋಟೋ ಎತ್ತಿಕೊಂಡರು. ಕಣ್ಣಿನ ಮೇಲೆ ಹೆಬ್ಬೆರಳಿಟ್ಟರು, ತೆಗೆದರು. ಮತ್ತೆ ಇಟ್ಟರು, ತೆಗೆದರು. ಒಳಗಿನಿಂದ ಬಣ್ಣದವನು, “ಹಾಲ್‌ನ್ಯಾಗ ಮೊಳಿ ಎಲ್ಲಿ ಹೊಡೀಲ್ರಿ?” ಎಂದು ಕೂಗಿ ಕೇಳಿದ.

“ತಡೀಪಾ,” ಎಂದರು ಸಂಗನಬಸವ, ಬೆರಳನ್ನು ಅರ್ಧಕ್ಕೆ ಸರಿಸಿ ಹಿಡಿದು. “ಇನ್ನೂ ಗುರ್ತ ಹಿಡ್ಯಾಕತ್ತೇನಿ.”